ಹಿನ್ನೀರಿನಾಚೆ, ಸಿಗ್ನಲ್ ಸಿಗುವ ಕಲ್ಲು

ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವಾಗ ಸಾಗರ. ಅಲ್ಲಿಂದ ಬಸ್ಸಿನಲ್ಲಿ ಹೊಳೆಬಾಗಿಲಿಗೆ ಬಂದು ಶರಾವತಿ ಹಿನ್ನೀರು ದಾಟಿದರೆ ತುಮರಿ, ಅದರಾಚೆ ನಮ್ಮ ಮನೆ. ಸಿಗಂದೂರಿಗೆ ಹೋದವರಿಗೆಲ್ಲ ಈ ಜಾಗ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ನಾವು ನೀರಿನ ಆಚೆ ಕಡೆಯವರಾದೆವು. ಬಸ್ಸು, ಜೀಪು, ಮದುವೆ ದಿಬ್ಬಣ, ಹೆರಿಗೆ ನೋವು, ಎಲ್ಲವೂ ಲಾಂಚ್ ಮೇಲೆಯೇ ದಾಟಬೇಕಿತ್ತು. ಸಂಜೆಯ ಕೊನೇ ಲಾಂಚ್ ಹೋಯಿತೋ, ಮತ್ತೆ ಬೆಳಗಾಗಬೇಕು. ಇಲ್ಲಾಂದ್ರೆ ಕಾಡಿನ ಸುತ್ತು ದಾರಿ.

ಈ ದೀಪಾವಳಿಗೆ ಮೊದಲ ಸಲ ಸೇತುವೆ ಮೇಲೆ ಊರಿಗೆ ಹೋದೆ. 2025ರ ಜುಲೈ 14ರಂದು ಉದ್ಘಾಟನೆಯಾದ ಈ ಕೇಬಲ್ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಬಸ್ಸಿನಲ್ಲಿದ್ದ ಅರ್ಧ ಜನ ವಿಡಿಯೊ ಮಾಡುತ್ತಿದ್ದರು. ನಾನೂ ಫೋನ್ ತೆಗೆದೆ. ಅಷ್ಟರಲ್ಲಿ ಅಮ್ಮನ ವಾಟ್ಸಾಪ್ ಬಂತು: ‘ಈ ವಿಡಿಯೊ ನಿಜವಾ ನೋಡು.’ ಕೆಳಗೆ ಯಾರೋ ಬೆಳ್ಳುಳ್ಳಿ ಹಿಡಿದುಕೊಂಡು ಹೃದಯದ ಬಗ್ಗೆ ಮಾತಾಡುವ ವಿಡಿಯೊ.

ಅಮ್ಮ ಹಿಂಗೆ ಕೇಳಿ ಕಳಿಸೋಕೆ ಶುರು ಮಾಡಿದ್ದರ ಹಿಂದೆ ಒಂದು ಕಥೆ ಇದೆ.

ಅಪ್ಪಯ್ಯನಿಗೆ 2021ರಲ್ಲಿ ಹೃದಯದ ಕವಾಟ ಬದಲಿಸಿದರು. ಒಳಗಿರೋದು ಲೋಹದ ಕವಾಟ. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವನವಿಡೀ ಮಾತ್ರೆ ತಗೋಬೇಕು. ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಎರಡರ ನಡುವಿನ ಹಗ್ಗದ ಮೇಲೆ ನಡೆಯೋದಕ್ಕೆ ತಿಂಗಳಿಗೊಮ್ಮೆ ಐಎನ್‌ಆರ್ ಅನ್ನೋ ರಕ್ತ ಪರೀಕ್ಷೆ. ಅಪ್ಪಯ್ಯನಿಗೆ ಅದು 2.5ರಿಂದ 3.5ರ ಒಳಗಿರಬೇಕು. ಡಿಸ್ಚಾರ್ಜ್ ದಿನ ಇದನ್ನೆಲ್ಲ ಐದು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಹೇಳಿ, ಒಂದು ಹಾಳೆ ಕೊಟ್ಟು ಕಳಿಸಿದರು. ನಾನು ತಲೆ ಆಡಿಸಿದೆ. ಅಮ್ಮ ನನ್ನ ಮುಖ ನೋಡಿದಳು, ಅಷ್ಟೆ.

ಊರಿಗೆ ಹೋದಮೇಲೆ ಅಪ್ಪಯ್ಯನನ್ನು ನೋಡಿಕೊಂಡಿದ್ದು ನಾನಲ್ಲ, ಅವಳು. ಅವಳಿಗೆ ಇದ್ದಿದ್ದು ಎರಡೇ. ಅಡುಗೆಮನೆ ಗೋಡೆಯ ಕ್ಯಾಲೆಂಡರ್, ಮತ್ತೆ ನಾನು ಕೊಡಿಸಿದ ಫೋನ್. ನಮ್ಮನೆಯಲ್ಲಿ ಆಗ ನೆಟ್‌ವರ್ಕ್ ಇರಲಿಲ್ಲ. ಅಡಿಕೆ ತೋಟದ ಮೇಲಿನ ದರೆ ಹತ್ತಿದರೆ ಒಂದು ಚಪ್ಪಟೆ ಕಲ್ಲಿದೆ, ಅಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತಿತ್ತು. ಸಂಜೆ ಕೆಲಸ ಮುಗಿಸಿ ಅಮ್ಮ ಆ ಕಲ್ಲಿನ ಮೇಲೆ ಕೂತು, ಮೈಕ್ ಒತ್ತಿ ಗೂಗಲ್ ಹತ್ತಿರ ಕನ್ನಡದಲ್ಲೇ ಕೇಳುತ್ತಿದ್ದಳು.

ಕೇಳಿದ್ದು ‘ರಕ್ತ ತೆಳು ಆದರೆ ಏನು ತಿನ್ನಬೇಕು’ ಅಂತ. ಯೋಚನೆ ಮಾಡಿ, ನಮ್ಮ ಕಡೆ ರಕ್ತ ತೆಳುವಾಗಿದೆ, ನೀರಾಗಿದೆ ಅಂದ್ರೆ ರಕ್ತಹೀನತೆ ಅಂತಲೇ ಅರ್ಥ. ಗೂಗಲ್ಲಿಗೂ ಹಂಗೇ ಅನ್ನಿಸಿತೇನೋ, ಬೀಟ್‌ರೂಟ್, ದಾಳಿಂಬೆ, ಸೊಪ್ಪು ತಿನ್ನಿ ಅಂತ ಸಾಲುಸಾಲು ವಿಡಿಯೊ ಕೊಟ್ಟಿತು. ಇನ್ನೊಂದು ದಿನ ಮಾತ್ರೆಯ ಹೆಸರನ್ನೇ ಹೇಳಿ ಕೇಳಿದಳು. ಆಗ ಬಂದಿದ್ದು ತದ್ವಿರುದ್ಧ: ಈ ಮಾತ್ರೆ ತಗೊಳ್ಳೋರು ಹಸಿರು ಸೊಪ್ಪು ಮುಟ್ಟಬಾರದು. ನನಗೆ ಫೋನ್ ಮಾಡಿದಳು. ಮೀಟಿಂಗ್ ಮಧ್ಯೆ ನಾನೂ ಇಂಗ್ಲಿಷಿನಲ್ಲಿ ಹುಡುಕಿದೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ವಿರುದ್ಧ ಕೆಲಸ ಮಾಡುತ್ತೆ ಅಂತಿತ್ತು. ಮೊದಲ ಎರಡು ಸಾಲು ಓದಿ ‘ಹೌದಮ್ಮ, ಬಿಟ್ಟುಬಿಡಿ’ ಅಂದೆ.

ಬಸಳೆ ಹುಳಿ ನಿಂತಿತು. ಹರಿವೆ, ನುಗ್ಗೆಸೊಪ್ಪು, ಒಂದೆಲಗದ ತಂಬುಳಿ, ಎಲ್ಲ ಬಂದ್. ಸೊಪ್ಪಿಲ್ಲದೆ ಊಟ ಸೇರದ ಅಪ್ಪಯ್ಯ ಗೊಣಗಿದರು. ಅಮ್ಮ ‘ಮಗಳು ನೋಡಿ ಹೇಳಿದಾಳೆ’ ಅಂತ ಬಾಯಿ ಮುಚ್ಚಿಸಿದಳು.

2024ರ ಜೂನ್, ಜಡಿಮಳೆ. ರಾತ್ರಿ ಒಂಬತ್ತಕ್ಕೆ ಅಮ್ಮನ ಫೋನ್. ಛತ್ರಿ ಹಿಡಿದು ಆ ಕಲ್ಲಿನ ಮೇಲೆ ನಿಂತಿದ್ದಳು, ಮಳೆ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ. ಅಪ್ಪಯ್ಯನ ಮೂಗಿನಿಂದ ರಕ್ತ ಬರ್ತಾ ಇದೆ, ನಿಲ್ತಾ ಇಲ್ಲ. ಲಾಂಚ್ ಹೋಗಿ ಎಷ್ಟೋ ಹೊತ್ತಾಗಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಹತ್ತು ಟ್ಯಾಬ್ ತೆರೆದಿದ್ದವು. ಒಂದರಲ್ಲಿ ಮಾಮೂಲು ಅಂತಿತ್ತು, ಇನ್ನೊಂದರಲ್ಲಿ ತಕ್ಷಣ ಆಸ್ಪತ್ರೆಗೆ ಅಂತಿತ್ತು. ಕೈ ನಡುಗುತ್ತಿತ್ತು, ಸುಳ್ಳೇಕೆ ಹೇಳಲಿ.

ಕೊನೆಗೆ 104ಕ್ಕೆ ಫೋನ್ ಮಾಡಿದೆ. ಸರ್ಕಾರದ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯವರು ನನಗೆ ಮಾಹಿತಿ ಕೊಡಲಿಲ್ಲ, ಮೊದಲು ಪ್ರಶ್ನೆ ಕೇಳಿದರು. ಎಷ್ಟು ಹೊತ್ತಾಯ್ತು? ತಲೆಗೆ ಏಟು ಬಿದ್ದಿದೆಯಾ? ಮಲ ಕಪ್ಪಗಿದೆಯಾ? ಯಾವ ಮಾತ್ರೆ? ಈಗ ಹೇಗೆ ಕೂತಿದ್ದಾರೆ? ತಲೆ ಹಿಂದಕ್ಕೆ ಬಗ್ಗಿಸಿಕೊಂಡು ಕೂತಿದ್ದಾರೆ ಅಂದೆ. ‘ಮುಂದಕ್ಕೆ ಬಗ್ಗಿಸಿ ಅಮ್ಮಾ. ಮೂಗಿನ ಮೆತ್ತಗಿನ ಭಾಗ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡೀಲಿ. ನಿಲ್ಲದಿದ್ದರೆ ಸುತ್ತು ದಾರಿಯಾದರೂ ಸರಿ, ಹೊರಡಿ. ನಿಂತರೂ ಬೆಳಿಗ್ಗೆ ತೋರಿಸಲೇಬೇಕು. ಮಾತ್ರೆ ವಿಚಾರ ಅವರ ಡಾಕ್ಟರನ್ನೇ ಕೇಳಿ.’ ಇದನ್ನ ಅಮ್ಮನಿಗೆ ಹೇಳಿದೆ, ಅವಳು ಕಲ್ಲಿನಿಂದ ಇಳಿದು ಮನೆಗೆ ಓಡಿದಳು. ಮನೆಗೆ ಹೋದರೆ ಸಿಗ್ನಲ್ ಇಲ್ಲ. ಮುಕ್ಕಾಲು ಗಂಟೆ ನನಗೇನೂ ಗೊತ್ತಿಲ್ಲ. ಆಮೇಲೆ ಒಂದು ಮೆಸೇಜ್: ‘ನಿಂತಿದೆ.’

ಬೆಳಿಗ್ಗೆ ಮೊದಲ ಲಾಂಚಿಗೆ ಸಾಗರ. ಐಎನ್‌ಆರ್ 5.8. ಡಾಕ್ಟರ್ ಕೇಳಿದ್ದು ಒಂದೇ: ‘ಊಟದಲ್ಲಿ ಏನು ಬದಲಾಯ್ತು?’ ಅಮ್ಮ ಕ್ಯಾಲೆಂಡರನ್ನೇ ಕಿತ್ತು ತಂದಿದ್ದಳು. ಅರ್ಧ ಮಾತ್ರೆ, ಮುಕ್ಕಾಲು ಮಾತ್ರೆ, ಹಾಲಿನ ಲೆಕ್ಕ, ಒಂದು ದಿನದ ಮೇಲೆ ‘ಸೊಪ್ಪು ಬಂದ್’. ಅಲ್ಲೇ ಉತ್ತರ ಸಿಕ್ಕಿತು. ಮಾತ್ರೆಯ ಪ್ರಮಾಣ ನಿಗದಿ ಮಾಡಿದ್ದು ಅಪ್ಪಯ್ಯ ಸೊಪ್ಪು ತಿನ್ನುತ್ತಿದ್ದಾಗ. ಸೊಪ್ಪು ಪೂರಾ ನಿಂತಾಗ ಅದೇ ಮಾತ್ರೆ ಜೋರಾಯಿತು. ‘ಸೊಪ್ಪು ಬಿಡಬೇಡಿ. ವಾರವಾರವೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಿ. ಮಂಡಿನೋವು ಅಂತ ಅಂಗಡಿ ಮಾತ್ರೆ ಮಾತ್ರ ನನ್ನ ಕೇಳದೆ ನುಂಗಬೇಡಿ.’

ಗೂಗಲ್ ಸುಳ್ಳು ಹೇಳಿರಲಿಲ್ಲ, ನೋಡಿ. ವಿಟಮಿನ್ ಕೆ ವಿಷಯ ನಿಜವೇ. ಅಪ್ಪಯ್ಯ ಈಗ ಏನು ತಿಂತಾ ಇದ್ದಾರೆ ಅಂತ ಅದು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಬರೆದಿದ್ದು ಅಮ್ಮನ ಕ್ಯಾಲೆಂಡರಿನಲ್ಲಿ ಮಾತ್ರ. ಮೂರನೇ ಸಾಲು ಓದದಿದ್ದ ನನ್ನ ತಪ್ಪನ್ನು ಅಮ್ಮ ಇವತ್ತಿನವರೆಗೂ ಎತ್ತಿ ಆಡಿಲ್ಲ. ಎತ್ತಿ ಆಡಿದ್ದರೆ ವಾಸಿ ಇತ್ತು.

ಈಗ ಮನೆ ಜಗಲಿಯಲ್ಲೇ ನೆಟ್‌ವರ್ಕ್ ಬರುತ್ತೆ. ಕಲ್ಲಿನ ಮೇಲೆ ಪಾಚಿ ಕಟ್ಟಿದೆ. ಹಬ್ಬದ ಮಧ್ಯಾಹ್ನ ಅಮ್ಮನ ಫೋನ್ ಹಿಡಿದು ಕೂತೆವು. ಗ್ಯಾಲರಿ ತುಂಬ ಸ್ಕ್ರೀನ್‌ಶಾಟ್: ಲವಂಗ, ಮೆಂತ್ಯ, ಏಳು ದಿನದಲ್ಲಿ ಹೃದಯ ಗಟ್ಟಿ. ಒಂದೊಂದೇ ಅಳಿಸಿದೆವು. ಉಳಿದಿದ್ದು ಚೀಟಿಯ ಫೋಟೊ, ಐಎನ್‌ಆರ್ ರಿಪೋರ್ಟುಗಳು, ತಿಂಗಳಿಗೊಂದು ಕ್ಯಾಲೆಂಡರ್ ಫೋಟೊ. ಬೆಳ್ಳುಳ್ಳಿ ವಿಡಿಯೊಗೆ ಬಂದಾಗ ಅಮ್ಮ ತಡೆದಳು. ‘ಅದನ್ನ ಇಡು ಮಾರಾಯ್ತಿ, ಡಾಕ್ಟರಿಗೆ ತೋರಿಸಿ ಕೇಳ್ತೆ.’

ಮಾರನೇ ದಿನ ಮೂವರೂ ಸಾಗರಕ್ಕೆ ಹೊರಟೆವು. ಬಸ್ಸು ಸೇತುವೆಯನ್ನು ಐದೇ ನಿಮಿಷದಲ್ಲಿ ದಾಟಿತು. ಎಲ್ಲರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದರು. ಅಮ್ಮ ಕಿಟಕಿಯಿಂದ ಕೆಳಗೆ, ಲಾಂಚ್ ನಿಲ್ಲುತ್ತಿದ್ದ ಜಾಗ ನೋಡುತ್ತಿದ್ದಳು. ‘ಬೆಳಿಗ್ಗೆ ಲಾಂಚಿಗೆ ಕಾಯ್ವಾಗ ಎಲ್ಲ ಆಸ್ಪತ್ರೆಗೆ ಹೋಗೋರೇ ಇರ್ತಿದ್ರು. ಯಾವ ಲ್ಯಾಬಲ್ಲಿ ಬೇಗ ಕೊಡ್ತಾರೆ, ಯಾವ ಡಾಕ್ಟ್ರು ಬೈಯ್ಯಲ್ಲ, ಎಲ್ಲ ಅಲ್ಲೇ ಗೊತ್ತಾಗ್ತಿತ್ತು. ಗಂಡನ್ನ ಡಯಾಲಿಸಿಸ್‌ಗೆ ಕರ್ಕೊಂಡು ಬರ್ತಿದ್ದವ್ಳೇ ನಂಗೆ ಕ್ಯಾಲೆಂಡರ್‌ನಲ್ಲಿ ಬರೀರಿ ಅಂದಿದ್ದು. ಈಗ ಅವ್ಳು ಎಲ್ಲಿ ಸಿಗ್ತಾಳೆ?’

‘ಸೇತುವೆ ಬೇಡಿತ್ತಾ ಹಂಗಾದ್ರೆ?’ ಅಂದೆ.

‘ಬೇಡ ಅಂದ್ರೆ ಹುಚ್ಚು. ಆ ರಾತ್ರಿ ಇದು ಇದ್ದಿದ್ರೆ...’ ಅಂತ ಅಲ್ಲಿಗೇ ನಿಲ್ಲಿಸಿದಳು.

ಐಎನ್‌ಆರ್ 2.9 ಬಂತು. ಬೆಳ್ಳುಳ್ಳಿ ಒಗ್ಗರಣೆಗೆ ಸಾಕು, ಔಷಧಿ ಅಂತ ಬೇಡ ಅಂದರು ಡಾಕ್ಟರ್. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಅಪ್ಪಯ್ಯ ಎರಡು ಕಟ್ಟು ಹರಿವೆ ಸೊಪ್ಪು ತಗೊಂಡರು. ಅಮ್ಮ ಒಂದನ್ನು ವಾಪಸ್ ಕೊಟ್ಟಳು.