ಐದು ಅಕ್ಷರಗಳು

1962ರಲ್ಲಿ, ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ನವಲಿ ಗ್ರಾಮದಿಂದ ನಾನು ಈ ಶಾಲೆಯ ವಸತಿಗೃಹಕ್ಕೆ ಬಂದೆನು. ಇಂಗ್ಲಿಷಿನ ಸ್ಪೆಲಿಂಗ್ ಎಂದರೆ ನನಗೆ ಭಯ. ಒಂದು ದಿನ ಉಪಾಧ್ಯಾಯಿನಿಯವರು ಕರಿಹಲಗೆಯ ಮೇಲೆ ‘ಹಾರ್ಟ್’ ಎಂದು ಬರೆದು, ಅದರ ಐದು ಅಕ್ಷರಗಳಿಂದಲೇ ಬೇರೆ ಶಬ್ದಗಳನ್ನು ಹುಡುಕಿರೆಂದರು. ಒಂದು ಅಕ್ಷರವನ್ನು ಒಂದು ಶಬ್ದದಲ್ಲಿ ಒಮ್ಮೆ ಮಾತ್ರ ಬಳಸತಕ್ಕದ್ದು. ನಾನು ಬರೆದ ‘ಟ್ರೀ’ಯನ್ನು ಹೊಡೆದುಹಾಕಿದರು, ಅದಕ್ಕೆ ‘ಇ’ ಎರಡು ಬೇಕಷ್ಟೆ. ಆದರೆ ‘ಹೇಟ್’, ‘ಈಟ್’, ‘ಟೀ’ ದೊರೆತವು. ಕಡೆಗೆ ಐದೂ ಅಕ್ಷರಗಳು ಸ್ಥಳ ಬದಲಿಸಿ ‘ಅರ್ಥ್’ ಆದವು. ಹೃದಯವೇ ಭೂಮಿಯಾಯಿತೆಂದು ಹಿಗ್ಗಿದೆನು. ಅಂದಿನಿಂದ ಭಯವು ದೂರವಾಯಿತು.

ರಜೆಯಲ್ಲಿ, ಓದುಬರಹವನ್ನರಿಯದ ಅವ್ವನ ಮುಂದೆ ಈ ಜಾಣತನವನ್ನು ಮೆರೆಸಿದೆನು. ಕನ್ನಡದಲ್ಲಿ ಸ್ವರವು ವ್ಯಂಜನಕ್ಕೆ ಅಂಟಿಕೊಂಡಿರುವುದರಿಂದ ಈ ಆಟ ನಡೆಯದೆಂದೂ ಹೇಳಿದೆನು. ಆಕೆ ರೊಟ್ಟಿ ಬಡಿಯುತ್ತಲೇ, “ನಮ್ಮೂರ ಹೆಸರಾಗ ನಡುವಿಂದು ಬಿಟ್ಟು ನೋಡವ್ವಾ, ‘ನಲಿ’ ಅಂತೈತಿ” ಎಂದಳು. ನಾನು ನಾಚಿದೆನು.

ಸಹೋದರಿಯರೇ, ಅಕ್ಷರಗಳನ್ನು ನನಗೆ ಕೊಟ್ಟುದು ಈ ಶಾಲೆ. ಅವುಗಳನ್ನು ಆಲಿಸುವ ಕಿವಿಯನ್ನು ಕೊಟ್ಟವಳು ಅವ್ವ. ‘ಹಾರ್ಟ್’ ಎಂಬುದರ ನಟ್ಟನಡುವೆ, ಮೂರು ಅಕ್ಷರಗಳೂ ಕ್ರಮವಾಗಿಯೇ ಇದ್ದು, ಕಿವಿಯೆಂಬ ಅರ್ಥದ ‘ಇಯರ್’ ಇದೆ. ತರಗತಿಯಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.