ಎಂಜಿನ್ನಿನ ಉಸಿರು

‘ಹೆಡ್ ಬಿಚ್ಚಬೇಕು ಸಾರ್’ ಎಂದು ಮೆಕ್ಯಾನಿಕ್ ಹೇಳಿದ ಕೂಡಲೇ ಕಾರಿನ ಯಜಮಾನನ ಕೈ ತಾನಾಗಿ ಜೇಬು ಮುಟ್ಟಿಕೊಳ್ಳುತ್ತದೆ. ಖರ್ಚಿನ ಮಾತು ಹಾಗಿರಲಿ. ಸಿಲಿಂಡರುಗಳ ಮೇಲೆ ಕೂರುವ ಈ ಹೆಡ್ ಬರೀ ಮುಚ್ಚಳವಲ್ಲ. ಎಂಜಿನ್ನಿನ ಮೂಗು, ಗಂಟಲು ಎರಡೂ ಅದೇ. ಗಾಳಿ ಒಳಬರುವುದು, ಕಿಡಿ ಹೊತ್ತುವುದು, ಹೊಗೆ ಹೊರಹೋಗುವುದು ಎಲ್ಲ ಅಲ್ಲೇ.

ಟರ್ಬೊ ಇಲ್ಲದ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವವರಿಲ್ಲ. ಪಿಸ್ಟನ್ ಕೆಳಗಿಳಿದಾಗ ಒಳಗಿನ ಒತ್ತಡ ತಗ್ಗುತ್ತದೆ. ಹೊರಗಿನ ವಾತಾವರಣವೇ ಗಾಳಿಯನ್ನು ಒಳಕ್ಕೆ ತಳ್ಳಬೇಕು. ನಿಮಿಷಕ್ಕೆ 9,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರೂ ಸೆಕೆಂಡಿಗೆ 75 ಸಲ ಉಸಿರೆಳೆಯಬೇಕು. ಪಿಸ್ಟನ್ ಒಮ್ಮೆ ಕೆಳಗಿಳಿಯಲು ಸಿಗುವ ಕಾಲ ಸೆಕೆಂಡಿನ 300ನೆಯ ಒಂದು ಪಾಲು ಮಾತ್ರ. ಅಷ್ಟರಲ್ಲಿ ಗಾಳಿ ತುಂಬದಿದ್ದರೆ ಪೆಟ್ರೋಲು ಎಷ್ಟು ಸುರಿದೂ ಪ್ರಯೋಜನವಿಲ್ಲ.

ಹಾಗಾದರೆ ಗಾಳಿಯ ದಾರಿಯನ್ನು ಕೊರೆದು ದೊಡ್ಡದು ಮಾಡಿದರಾಯಿತಲ್ಲ? ಅನೇಕರು ಎಡವುವುದು ಇಲ್ಲೇ. ದಾರಿ ತೀರಾ ಅಗಲವಾದರೆ ಗಾಳಿಯ ಓಟ ನಿಧಾನವಾಗುತ್ತದೆ. ಊರೊಳಗೆ ಮೆಲ್ಲನೆ ಓಡಿಸುವಾಗ ಕಾರು ಎಳೆಯುವುದೇ ಇಲ್ಲ.

ಈ ಲೆಕ್ಕವನ್ನು ತಲೆಗೆ ಹಚ್ಚಿಕೊಂಡವನು ಇಂಗ್ಲೆಂಡಿನ ಕೀತ್ ಡಕ್‌ವರ್ತ್. ಹುಟ್ಟಿದ್ದು 1933ರಲ್ಲಿ. ವಾಯುಪಡೆಯಲ್ಲಿ ಪೈಲಟ್ ತರಬೇತಿಗೆ ಸೇರಿದ, ಹಾರಾಟ ಅಪಾಯಕಾರಿ ಎಂದು ಅವನನ್ನು ಕೆಳಗಿಳಿಸಿದರು. ಆಮೇಲೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ 1955ರಲ್ಲಿ ಪದವಿ ಪಡೆದ. 1958ರಲ್ಲಿ ಗೆಳೆಯ ಮೈಕ್ ಕಾಸ್ಟಿನ್ ಜತೆ ಸೇರಿ ಕಂಪನಿ ಕಟ್ಟಿದ. ಇಬ್ಬರ ಹೆಸರನ್ನೂ ಬೆಸೆದು ಅದಕ್ಕೆ ‘ಕಾಸ್‌ವರ್ತ್’ ಎಂದು ಹೆಸರಿಟ್ಟರು.

ಫೋರ್ಡ್ ಕಂಪನಿಯ ಸಾಮಾನ್ಯ ಸಂಸಾರಸ್ಥರ ಕಾರಿನ ಎರಕದ ಕಬ್ಬಿಣದ ಬ್ಲಾಕ್ ಮೇಲೆ ಡಕ್‌ವರ್ತ್ ಹೊಸ ಹೆಡ್ ಕೂರಿಸಿದ. ಸಿಲಿಂಡರಿಗೆ ಎರಡೇ ವಾಲ್ವ್. 1964ರಿಂದ ಅದು ರೇಸುಗಳನ್ನು ಗೆಲ್ಲತೊಡಗಿತು. ಬೇರೆಯವರಾದರೆ ಅಷ್ಟಕ್ಕೇ ಹಾರ ಹಾಕಿಸಿಕೊಂಡು ಕೂರುತ್ತಿದ್ದರು. ಇವನಿಗೆ ಸಮಾಧಾನವಿಲ್ಲ. ಒಳಗಿನ ಬೆಂಕಿ ಸರಿಯಾಗಿ ಹರಡುತ್ತಿಲ್ಲ, ಏಕೆ?

ಸಿಲಿಂಡರಿಗೆ ನಾಲ್ಕು ವಾಲ್ವ್ ಇಡುವುದು ಹೊಸದೇನಲ್ಲ. 1912ರಲ್ಲೇ ಪಿಜೊ ರೇಸು ಕಾರಿನಲ್ಲಿ ಅದಿತ್ತು. ನಾಲ್ಕು ಚಿಕ್ಕ ವಾಲ್ವ್ ಇಟ್ಟರೆ ಗಾಳಿಗೆ ಹೆಚ್ಚು ಜಾಗ. ಒಂದೊಂದೂ ಹಗುರ, ಹಾಗಾಗಿ ಬೇಗ ತೆರೆದು ಮುಚ್ಚಬಹುದು. ಸ್ಪಾರ್ಕ್ ಪ್ಲಗ್ ನಟ್ಟನಡುವೆ ಕೂರುತ್ತದೆ. ಆದರೆ ಆವರೆಗೆ ವಾಲ್ವುಗಳನ್ನು ಅಗಲವಾಗಿ ಓರೆಯಿಟ್ಟು, ಮೇಲ್ಭಾಗವನ್ನು ಅರ್ಧಗೋಳದಂತೆ ಮಾಡುವುದು ರೂಢಿ. ಆ ಆಳವನ್ನು ತುಂಬಲು ಪಿಸ್ಟನ್ನಿಗೆ ಗುಡ್ಡದಂಥ ನೆತ್ತಿ ಬೇಕಾಗುತ್ತಿತ್ತು. ಬೆಂಕಿ ಆ ಗುಡ್ಡವನ್ನು ಸುತ್ತಿಬರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಡಕ್‌ವರ್ತ್ ಓರೆಯನ್ನು ತಗ್ಗಿಸಿ ವಾಲ್ವುಗಳನ್ನು ಹತ್ತಿರ ತಂದ. ಪಿಸ್ಟನ್ನಿನ ನೆತ್ತಿ ಚಪ್ಪಟೆಯಾಯಿತು, ಬೆಂಕಿಯ ದಾರಿ ಮೊಟಕಾಯಿತು.

1966ರಲ್ಲಿ ಸಿದ್ಧವಾದ ಈ 1.6 ಲೀಟರ್ ಎಂಜಿನ್ನಿನ ಹೆಸರು ಎಫ್‌ವಿಎ. ಅದೇ ಜಾತಿಯ ಬ್ಲಾಕ್ ಇದ್ದ ರಸ್ತೆಯ ಕಾರಿಗೆ 80 ಅಶ್ವಶಕ್ತಿಯ ಆಸುಪಾಸು; ಇದಕ್ಕೆ 200ಕ್ಕೂ ಹೆಚ್ಚು. ಕ್ರ್ಯಾಂಕ್, ಪಿಸ್ಟನ್, ಇಂಧನ ಕೊಡುವ ವ್ಯವಸ್ಥೆ ಎಲ್ಲವೂ ಬದಲಾಗಿದ್ದವು ನಿಜ, ಆದರೆ ಪ್ರಾಣ ಇದ್ದದ್ದು ಹೆಡ್‌ನಲ್ಲಿ. ಅದೇ ತತ್ವದ ಮೇಲೆ ಎಂಟು ಸಿಲಿಂಡರಿನ ಡಿಎಫ್‌ವಿ ಹುಟ್ಟಿತು. 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಜಿಮ್ ಕ್ಲಾರ್ಕ್ ಓಡಿಸಿದ ಲೋಟಸ್ ಕಾರಿನಲ್ಲಿ ಅದು ಮೊದಲ ಸ್ಪರ್ಧೆಯಲ್ಲೇ ಗೆದ್ದಿತು. 1983ರ ಹೊತ್ತಿಗೆ ಗೆಲುವಿನ ಲೆಕ್ಕ 155ಕ್ಕೆ ಮುಟ್ಟಿತ್ತು.

ಮೊದಲ ರ‍್ಯಾಂಕ್ ಬಂದ ಮೇಲೂ ‘ನನಗೆ ಈ ಪಾಠ ಅರ್ಥವಾಗಿಲ್ಲ’ ಎನ್ನುವ ವಿದ್ಯಾರ್ಥಿ ಎಷ್ಟು ಮನೆಗಳಲ್ಲಿ ಸಿಗುತ್ತಾನೆ? ಸಿಕ್ಕರೆ ಅಪ್ಪ ಅಮ್ಮ ಏನೆನ್ನುತ್ತಾರೆ? ಗೆಲುವು ಬೇರೆ, ಅರ್ಥವಾಗುವುದು ಬೇರೆ. ಗೆದ್ದ ಎಂಜಿನ್ನಿನ ಮೇಲೆಯೇ ಅನುಮಾನಪಟ್ಟದ್ದರಿಂದ ಎಫ್‌ವಿಎ ಹುಟ್ಟಿತು. ಹಾರಾಟಕ್ಕೆ ಲಾಯಕ್ಕಿಲ್ಲ ಎನಿಸಿಕೊಂಡವನು ಅದನ್ನು ಮಾಡಿದ.

ಹಿತ್ತಿಲಲ್ಲಿ ಹಳೇ ಮೊಪೆಡ್ ಬಿಚ್ಚಿ ಹರಡಿಕೊಂಡ ಮಗನಿಗೆ, ಮಗಳಿಗೆ, ಕೈ ಗ್ರೀಸಾಯಿತೆಂದು ಗದರುವ ಮೊದಲು ಒಂದು ಪ್ರಶ್ನೆ ಕೇಳಬಹುದು: ‘ಇದರೊಳಗೆ ಗಾಳಿ ಹೇಗೆ ಹೋಗುತ್ತದೆ, ಹೇಳು ನೋಡೋಣ?’ ಉತ್ತರ ತಕ್ಷಣ ಬರದಿದ್ದರೂ ಚಿಂತೆಯಿಲ್ಲ. ಹುಡುಕಲು ಹೊರಟರೆ ಅದೇ ಪಾಠ.