ಹಾಯಿ ಬಿಚ್ಚದೆ ಇಂಜಿನ್ ಕೂರಿಸಿದ್ದು

ಮಾವನ ದೋಣಿಗೆ ಇಂಜಿನ್ ಹಾಕೋಣ ಅಂತ ಮನೆಯಲ್ಲಿ ಮಾತು ಬಂದಾಗ ಕೇರಿಯವರೆಲ್ಲ ಕೇಳಿದ್ದು ಒಂದೇ, 'ಎಷ್ಟು ಎಚ್‌ಪಿ?' ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ.

ಹೊನ್ನಾವರದ ಶರಾವತಿ ಅಳಿವೆ ನೋಡಿದವರಿಗೆ ಹೇಳಬೇಕಿಲ್ಲ. ನದಿ ಸಮುದ್ರ ಸೇರುವಲ್ಲಿ ಹೂಳು ತುಂಬಿದೆ, ಇಳಿತದ ಹೊತ್ತಿಗೆ ತೆರೆ ಅಲ್ಲೇ ಒಡೆಯುತ್ತದೆ. ದೋಣಿ ಮಗುಚಿದ ಸುದ್ದಿಯನ್ನು ನಾವೇ ಬರೆದು ಕಳಿಸಿದ್ದೇವೆ. ಮಾವನಿಗೆ 60 ದಾಟಿದೆ. 16 ಅಡಿ ದೋಣಿ, ಒಂದು ಹಾಯಿ, ಎರಡು ಹುಟ್ಟು. ಗಾಳಿ ನಿಂತರೆ ಹುಟ್ಟು ಹಾಕಿ ಅಳಿವೆ ದಾಟುವ ತೋಳು ಈಗ ಅವರಿಗಿಲ್ಲ. "ಇಂಜಿನ್ ಇಡಿ, ಆದ್ರೆ ಹಾಯಿ ಬಿಚ್ಚೂದಿಲ್ಲ" ಅಂದರು.

ನಮ್ಮ ಕಡೆ 9.9 ಎಚ್‌ಪಿ ಅಂದರೆ ಮಕ್ಕಳಿಗೂ ಗೊತ್ತು. ಜೂನ್-ಜುಲೈ ನಿಷೇಧದಲ್ಲೂ 10 ಎಚ್‌ಪಿವರೆಗಿನ ನಾಡದೋಣಿ ಕಡಲಿಗೆ ಇಳಿಯಬಹುದು, ಅದಕ್ಕೇ ಆ ಲೆಕ್ಕ. ಆದರೆ ಈ ದೋಣಿಗೆ ಅಷ್ಟು ಯಾಕೆ? ಗಂಟೆಗೆ ಸುಮಾರು 10 ಕಿ.ಮೀ. ಮುಟ್ಟಿದ ಮೇಲೆ ಇಂಥ ದೋಣಿ ತಾನೇ ಎಬ್ಬಿಸಿದ ತೆರೆಯ ಹಳ್ಳದಲ್ಲಿ ಕೂರುತ್ತದೆ. ಮುಂದೆ ಎಣ್ಣೆ ಮಾತ್ರ ಖರ್ಚು. ಮೇಲಾಗಿ 9.9ರ ಇಂಜಿನ್ 35 ಕಿಲೋ ದಾಟುತ್ತದೆ, ಹಿಂದೆ ಕೂತರೆ ಮೂತಿ ಮೇಲೇಳುತ್ತದೆ. ಸೆಳೆತದ ಎದುರು ಬರುವುದಕ್ಕೆ ಸ್ವಲ್ಪ ಹೆಚ್ಚೇ ಇರಲಿ ಎಂದು 5 ಎಚ್‌ಪಿ ಪೆಟ್ರೋಲ್ ಇಂಜಿನ್ನಿಗೆ ನಿಂತೆವು. ಸೀಮೆಎಣ್ಣೆಯದು ಬೇಡ ಅಂದೆವು. ಅದನ್ನು ಪೆಟ್ರೋಲಿನಲ್ಲಿ ಶುರು ಮಾಡಿ, ಕಾಯಿಸಿ, ಆಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಹತ್ತು ನಿಮಿಷದ ಅಳಿವೆಗೆ ಅಷ್ಟು ರಗಳೆ ಯಾರಿಗೆ ಬೇಕು?

ಮೊದಲು ಕೇಳಬೇಕಾದ್ದು ಇಂಜಿನ್ನಿನ ಕಾಲು ಎಷ್ಟು ಉದ್ದ ಅಂತ. 15 ಇಂಚಿನದು ಗಿಡ್ಡ ಕಾಲು, 20 ಇಂಚಿನದು ಉದ್ದ ಕಾಲು. ಇಂಜಿನ್ ಸಿಕ್ಕಿಸುವ ಹಲಗೆಯ ಮೇಲಂಚಿನಿಂದ ದೋಣಿಯ ತಳದ ಮಟ್ಟದವರೆಗೆ ಅಳೆಯಬೇಕು. ಫ್ಯಾನಿನ ಮೇಲೆ ಒಂದು ಚಪ್ಪಟೆ ತಟ್ಟೆ ಇರುತ್ತದಲ್ಲ, ಅದು ತಳಕ್ಕಿಂತ ಚೂರು ಕೆಳಗೇ ಇರಬೇಕು. ಅಂಗಡಿಯವನು ಗಿಡ್ಡ ಕಾಲಿನದು ಅಗ್ಗಕ್ಕೆ ಕೊಡುತ್ತೇನೆ ಅಂದ. ಬೇಡ ಅಂದೆವು. ತೆರೆ ಹತ್ತುವಾಗ, ಇಳಿಯುವಾಗ ದೋಣಿಯ ಹಿಂಬದಿ ಎದ್ದು ಫ್ಯಾನು ಗಾಳಿ ಕುಡಿದರೆ ಇಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಅಳಿವೆಯ ನಡುವೆ ಹಾಗಾದರೆ ದೋಣಿ ತೆರೆಗೆ ಅಡ್ಡ ತಿರುಗಿತೆಂದೇ ಲೆಕ್ಕ.

ಕೂರಿಸುವುದೇ ದೊಡ್ಡ ಕೆಲಸವಾಯಿತು. ದೋಣಿಯ ಎರಡೂ ತುದಿ ಚೂಪು, ಹಿಂದೆ ಹಲಗೆಯೇ ಇಲ್ಲ. ಆಚಾರಿಯವರು ಹಿಂಬದಿಗೆ ಒಂದು ಗಟ್ಟಿ ಅಡ್ಡಪಟ್ಟಿ ಹಾಕಿ, ಅದನ್ನು ಪಕ್ಕಕ್ಕೆ ಚಾಚಿ, ಚಾಚಿದ ಕಡೆ ಹಲಗೆ ನಿಲ್ಲಿಸಿದರು. ಮೊಳೆ ಹೊಡೆಯಲು ಬಿಡಲಿಲ್ಲ. ಸ್ಟೇನ್‌ಲೆಸ್ ಬೋಲ್ಟು ಆರಪಾರ, ಒಳಗಿನಿಂದ ಅಗಲ ಪಟ್ಟಿ. ಚುಕ್ಕಾಣಿ ಪೂರ್ತಿ ತಿರುಗಿದರೂ ಫ್ಯಾನಿಗೆ ತಾಗದ ಹಾಗೆ ಎರಡು ಸಲ ಅಳೆದರು. ಪಕ್ಕಕ್ಕೆ ಕೂರಿಸಿದರೆ ಒಂದು ತೊಂದರೆ ಉಂಟು. ಹಾಯಿಯ ಗಾಳಿಗೆ ದೋಣಿ ಆಚೆ ವಾಲಿದರೆ ಫ್ಯಾನು ಮೇಲೆ ಬರುತ್ತದೆ. ಅದಕ್ಕೇ ಅಳಿವೆಗೆ ಮೊದಲು ಹಾಯಿ ಇಳಿಸಿ ಇಂಜಿನ್, ಹೊರಗೆ ಹೋದ ಮೇಲೆ ಇಂಜಿನ್ ಎತ್ತಿ ಹಾಯಿ.

ತಿರುಪು ಸಡಿಲಾದರೂ ಕಡಲಿಗೆ ಬೀಳದಂತೆ ಇಂಜಿನ್ನಿಗೆ ಬೇರೆ ಹಗ್ಗವಿದೆ. ಬಂದ ಮೇಲೆ ಸಿಹಿನೀರಿನಲ್ಲಿ ಓಡಿಸಿ ಉಪ್ಪು ತೊಳೆಯುವುದನ್ನು ಮಾವ ಒಂದು ದಿನವೂ ಬಿಟ್ಟಿಲ್ಲ. ಒಪ್ಪದ್ದು ಮಣಿಕಟ್ಟಿನ ದಾರ ಒಂದನ್ನೇ. ಮನುಷ್ಯ ನೀರಿಗೆ ಬಿದ್ದರೆ ಇಂಜಿನ್ ನಿಲ್ಲಿಸುವ ದಾರ ಅದು. "ನಾನೇನ್ ದನಾನಾ, ಕಟ್ಟಿ ಹಾಕೂಕೆ?" ಅಂತಾರೆ. ಈಗ ಬೆಳಗಿನ ಜಾವ ಅತ್ತೆಯೇ ದಂಡೆಗೆ ಬಂದು ಗಂಟು ಹಾಕಿ ಹೋಗುತ್ತಾರೆ.